ಕರುಳು ನೋಡುವ ಕೈಗೆ ಹೊಟ್ಟೆಯ ಗೋಡೆಯೂ ಗೊತ್ತಿರಬೇಕು

ನನ್ನ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಚೆನ್ನಾಗಿ ಆಯಿತು. ಗೆಡ್ಡೆ ಪೂರ್ತಿ ಹೊರಗೆ ಬಂತು. ಆಮೇಲಿನ ಸ್ಕ್ಯಾನ್‌ಗಳಲ್ಲಿ ಏನೂ ಕಾಣಲಿಲ್ಲ. ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು. ವರ್ಷ ತುಂಬುವ ಹೊತ್ತಿಗೆ ಹೊಲಿಗೆಯ ಗುರುತಿನ ಪಕ್ಕದಲ್ಲಿ ಒಂದು ಉಬ್ಬು ಎದ್ದಿತು. ಮಲಗಿದರೆ ಮಾಯ, ಎದ್ದು ನಿಂತರೆ ಮತ್ತೆ ಹಾಜರ್. ಹೆಬ್ಬೆರಳಿನಷ್ಟಿದ್ದದ್ದು ಆರು ತಿಂಗಳಲ್ಲಿ ಮುಷ್ಟಿಯಷ್ಟಾಯಿತು. ಕೆಮ್ಮು ಬಂದರೆ ಸಾಕು, ಅವರ ಅಂಗೈ ತಾನಾಗಿ ಹೊಟ್ಟೆಗೆ ಹೋಗಿ ಅದನ್ನು ಒತ್ತಿ ಹಿಡಿಯುತ್ತಿತ್ತು. ಜೋರಾಗಿ ನಗುವುದಕ್ಕೂ ಮೊದಲೇ ಕೈ ಅಲ್ಲಿರುತ್ತಿತ್ತು.

ತೋರಿಸಿದಾಗ ಸಿಕ್ಕ ಉತ್ತರ ಇಷ್ಟು: "ಹರ್ನಿಯಾ ಅಷ್ಟೆ. ಕ್ಯಾನ್ಸರ್ ಹೋಯ್ತಲ್ಲ, ಇದಕ್ಯಾಕೆ ತಲೆಬಿಸಿ?"

ಆ 'ಅಷ್ಟೆ' ನನ್ನನ್ನು ಇವತ್ತಿಗೂ ಕಾಡುತ್ತದೆ. ಕರುಳಿನದು ದೊಡ್ಡ ಆಪರೇಷನ್, ಹರ್ನಿಯಾದ್ದು ಸಣ್ಣ ಆಪರೇಷನ್ ಎಂಬ ಲೆಕ್ಕ ನಮ್ಮೆಲ್ಲರ ತಲೆಯಲ್ಲಿದೆ. ಬಹಳ ಕಾಲ ಆಸ್ಪತ್ರೆಗಳಲ್ಲೂ ಇದೇ ಲೆಕ್ಕ ನಡೆಯಿತು. ಕಲಿಯುತ್ತಿರುವ ಸರ್ಜನ್‌ಗೆ ಮೊದಮೊದಲು ಒಪ್ಪಿಸುತ್ತಿದ್ದದ್ದೇ ಹರ್ನಿಯಾ. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಈ ಲೆಕ್ಕ ಮೆಲ್ಲಗೆ ತಲೆಕೆಳಗಾಗಿದೆ. ಕರುಳನ್ನೂ ಅದನ್ನು ಹಿಡಿದಿಟ್ಟುಕೊಂಡಿರುವ ಗೋಡೆಯನ್ನೂ ಒಟ್ಟಿಗೆ ನೋಡಬಲ್ಲ ಸರ್ಜನ್ ಬೇಕು ಎಂಬ ಮಾತು ಈಗ ಗಟ್ಟಿಯಾಗಿ ಕೇಳುತ್ತಿದೆ. ಈ ಮಾತು ನೂರಕ್ಕೆ ನೂರು ಸರಿ ಎಂದು ನಾನು ನಂಬುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಕರುಳು ಇಳಿಯುವುದು ಅಂದರೆ

ಹಿರಿಯರು ಹರ್ನಿಯಾಗೆ "ಕರುಳು ಇಳಿದಿದೆ" ಎನ್ನುತ್ತಾರೆ. ವಿಷಯ ಆ ಎರಡು ಪದಗಳಲ್ಲೇ ಇದೆ. ಹೊಟ್ಟೆಯ ಮುಂಭಾಗ ಅಂದರೆ ಸ್ನಾಯುಗಳ ಪದರಗಳು, ಅವುಗಳ ಜೊತೆ ಫೇಷಿಯಾ ಎಂಬ ಬಿಳಿಯ ಗಟ್ಟಿ ಪೊರೆ. ನಾವು ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ, ಮಲಬದ್ಧತೆಯಿಂದ ತಿಣುಕಿದಾಗ ಒಳಗಿನ ಒತ್ತಡ ಏರುತ್ತದೆ. ಗೋಡೆಯಲ್ಲಿ ಎಲ್ಲಿ ಬಲ ಕಮ್ಮಿಯೋ ಅಲ್ಲಿಂದ ಒಳಗಿನ ಕೊಬ್ಬು ಅಥವಾ ಕರುಳಿನ ಸುರುಳಿ ಹೊರಗೆ ನುಗ್ಗುತ್ತದೆ.

ಕೆಲವು ಜಾಗ ಹುಟ್ಟಿನಿಂದಲೇ ಬಡವು. ಗಂಡುಮಗುವಿನಲ್ಲಿ ವೃಷಣ ಹೊಟ್ಟೆಯಿಂದ ಕೆಳಗಿಳಿದು ಬಂದ ದಾರಿ ತೊಡೆಸಂದಿನಲ್ಲಿದೆ. ಅದಕ್ಕೇ ಜೀವಮಾನದಲ್ಲಿ ನೂರಕ್ಕೆ ಸುಮಾರು 27 ಗಂಡಸರಿಗೆ ಅಲ್ಲಿ ಹರ್ನಿಯಾ ಆಗುತ್ತದೆ. ಹೆಂಗಸರಲ್ಲಿ ಇದು ನೂರಕ್ಕೆ ಸುಮಾರು 3. ಹೊಕ್ಕುಳು ಇನ್ನೊಂದು ಜಾಗ. (ಎಳೆ ಮಕ್ಕಳ ಹೊಕ್ಕುಳ ಹರ್ನಿಯಾ ಹೆಚ್ಚಾಗಿ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಮಗುವಿನ ತೊಡೆಸಂದಿನದು ಹಾಗಲ್ಲ, ಅದಕ್ಕೆ ಬೇಗ ಆಪರೇಷನ್ ಬೇಕು.) ಇವುಗಳ ಜೊತೆಗೆ ಮನುಷ್ಯರ ಕೈಯಿಂದಲೇ ಆಗುವ ಬಡವು ಜಾಗ ಒಂದಿದೆ. ಅದು ಸರ್ಜನ್ ಕೊಯ್ದ ಗೆರೆ. ದೊಡ್ಡಪ್ಪನಿಗೆ ಆದದ್ದು ಅದೇ. ಇದಕ್ಕೆ ಇನ್ಸಿಷನಲ್ ಹರ್ನಿಯಾ ಎನ್ನುತ್ತಾರೆ.

ಕರುಳು ಮತ್ತು ಹರ್ನಿಯಾ ಬೇರೆಬೇರೆ ವಿಭಾಗ ಅಂದುಕೊಂಡವರಿಗೆ ಒಂದು ಹಳೆಯ ಘಟನೆ ಹೇಳಬೇಕು. 1735ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕ್ಲಾಡಿಯಸ್ ಅಮ್ಯಾಂಡ್ ಎಂಬ ಸರ್ಜನ್ 11 ವರ್ಷದ ಹುಡುಗನೊಬ್ಬನ ಹರ್ನಿಯಾ ಆಪರೇಷನ್ನಿಗೆ ಕೈ ಹಾಕಿದರು. ಅರಿವಳಿಕೆ ಇನ್ನೂ ಬಂದಿರದ ಕಾಲ. ಉಬ್ಬನ್ನು ತೆರೆದರೆ ಒಳಗೆ ಸಿಕ್ಕಿದ್ದು ಅಪೆಂಡಿಕ್ಸ್. ಹುಡುಗ ನುಂಗಿದ್ದ ಒಂದು ಪಿನ್ನು ಅದನ್ನು ತೂತು ಮಾಡಿತ್ತು. ಅಮ್ಯಾಂಡ್ ಅಪೆಂಡಿಕ್ಸನ್ನೇ ತೆಗೆದರು. ಹುಡುಗ ಬದುಕಿದ. ಅಪೆಂಡಿಕ್ಸ್ ತೆಗೆದು ರೋಗಿ ಉಳಿದ ಮೊದಲ ದಾಖಲೆ ಅದು. ಕರುಳಿನ ಸರ್ಜರಿಯ ಅಷ್ಟು ದೊಡ್ಡ ಅಧ್ಯಾಯ ಹರ್ನಿಯಾದ ಒಳಗೇ ಶುರುವಾಗಿತ್ತು. ನಡುವೆ ಎರಡನ್ನೂ ಬೇರೆ ಮಾಡಿದ್ದು ನಾವೇ.

ಕೊನೆಯ ಹತ್ತು ನಿಮಿಷ

ಕರುಳಿನ ಆಪರೇಷನ್ ನಾಲ್ಕು ಗಂಟೆ ನಡೆದಿದೆ ಅಂದುಕೊಳ್ಳಿ. ರೋಗ ಇದ್ದ ಭಾಗ ತೆಗೆದಾಯಿತು. ಎರಡು ತುದಿ ಸೇರಿಸಿಯೂ ಆಯಿತು. ರಕ್ತ ನಿಂತಿದೆ. ಎಲ್ಲರೂ ದಣಿದಿದ್ದಾರೆ. ಇನ್ನು ಉಳಿದದ್ದು ಹೊಟ್ಟೆ ಮುಚ್ಚುವುದು. ಎಷ್ಟೋ ಕಡೆ ಹಿರಿಯರು ಗ್ಲೌಸ್ ಬಿಚ್ಚಿ ಹೊರಡುವುದು, ಹೊಲಿಗೆ ಕಿರಿಯರ ಪಾಲಿಗೆ ಬರುವುದು ಇಲ್ಲೇ. ರೋಗಿ ಮುಂದಿನ ಇಪ್ಪತ್ತು ವರ್ಷ ಹೇಗೆ ಬಗ್ಗುತ್ತಾನೆ, ಹೇಗೆ ಏಳುತ್ತಾನೆ ಎಂಬುದರ ಬಹುಪಾಲು ಈ ಕೊನೆಯ ಹೊಲಿಗೆಯಲ್ಲಿದೆ.

1976ರಲ್ಲಿ ಜೆಂಕಿನ್ಸ್ ಎಂಬ ಸರ್ಜನ್ ಒಂದು ಸರಳ ಲೆಕ್ಕ ಕೊಟ್ಟರು. ಕೊಯ್ದ ಗೆರೆಯ ಉದ್ದಕ್ಕಿಂತ ಹೊಲಿದ ದಾರದ ಉದ್ದ ಕಡೇಪಕ್ಷ ನಾಲ್ಕು ಪಟ್ಟು ಇರಬೇಕು. ಗೆರೆ 20 ಸೆಂಟಿಮೀಟರ್ ಇದ್ದರೆ ಒಳಗೆ 80 ಸೆಂಟಿಮೀಟರ್ ದಾರ ಹೋಗಿರಬೇಕು. ಕಮ್ಮಿ ಹೋಗಿದ್ದರೆ ಹೊಲಿಗೆ ತುಂಬಾ ಬಿಗಿಯಾಗಿದೆ, ಇಲ್ಲವೇ ತುಂಬಾ ದೂರ ದೂರ ಬಿದ್ದಿದೆ ಅಂತ ಅರ್ಥ.

ದಾರದ ಉದ್ದ ಒಂದಾದರೆ, ಒಂದೊಂದು ಹೊಲಿಗೆ ಎಷ್ಟು ಅಗಲ ಇರಬೇಕು ಎಂಬುದು ಇನ್ನೊಂದು ಪ್ರಶ್ನೆ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸೂಜಿ ಚುಚ್ಚಿ, ಒಂದೊಂದು ಸೆಂಟಿಮೀಟರಿಗೆ ಒಂದು ಹೊಲಿಗೆ ಹಾಕಿ ಗಟ್ಟಿಯಾಗಿ ಎಳೆಯುವುದು ಹಳೆಯ ರೂಢಿ. ನೋಡುವುದಕ್ಕೆ ಭದ್ರವಾಗಿಯೇ ಕಾಣುತ್ತದೆ. ಆದರೆ ಅಷ್ಟು ಅಗಲದ ಹೊಲಿಗೆಯೊಳಗೆ ಪೊರೆಯ ಜೊತೆ ಕೊಬ್ಬೂ ಸ್ನಾಯುವೂ ಸಿಕ್ಕಿಕೊಳ್ಳುತ್ತವೆ. ಅವು ದಾರದ ಹಿಡಿತಕ್ಕೆ ನಲುಗುತ್ತವೆ, ರಕ್ತ ಸಿಗದೆ ಸಾಯುತ್ತವೆ. ಕೆಲವು ದಿನಗಳಲ್ಲಿ ದಾರ ಸಡಿಲ. ಅಂಚುಗಳು ಸ್ವಲ್ಪ ದೂರ ಸರಿಯುತ್ತವೆ. ಮೇಲಿನ ಚರ್ಮ ಅಂದವಾಗಿ ಕೂಡಿರುತ್ತದೆ, ಕೆಳಗೆ ಬಾಗಿಲು ಆಗಲೇ ತೆರೆದಿರುತ್ತದೆ.

ಸ್ವೀಡನ್ನಿನ ಸರ್ಜನ್‌ಗಳು ಇದಕ್ಕೆ ಬೇರೆ ದಾರಿ ಹಿಡಿದರು. ಅಂಚಿನಿಂದ ಬರೀ 5 ಮಿಲಿಮೀಟರಿನಷ್ಟೇ ಒಳಗೆ ಚುಚ್ಚುವುದು. ಪ್ರತಿ 5 ಮಿಲಿಮೀಟರಿಗೆ ಒಂದು ಹೊಲಿಗೆ. ಬಿಳಿ ಪೊರೆಯನ್ನು ಮಾತ್ರ ಹಿಡಿಯುವುದು, ಎಳೆದು ಹಿಸುಕದೆ ಅಂಚಿಗೆ ಅಂಚು ತಾಗಿಸುವುದು. ಇದನ್ನು ನೆದರ್ಲೆಂಡ್ಸ್‌ನಲ್ಲಿ 560 ರೋಗಿಗಳ ಮೇಲೆ ಹೋಲಿಸಿ ನೋಡಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ದೊಡ್ಡ ಹೊಲಿಗೆ ಹಾಕಿದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 21 ಜನರಿಗೆ ಹರ್ನಿಯಾ ಆಗಿತ್ತು. ಸಣ್ಣ ಹೊಲಿಗೆಯವರಲ್ಲಿ 13. ಇದಕ್ಕೆ ತಗುಲಿದ ಹೆಚ್ಚಿನ ಸಮಯ ಸುಮಾರು ನಾಲ್ಕು ನಿಮಿಷ. ಹೊಸ ಯಂತ್ರ ಬೇಕಿಲ್ಲ, ಹೊಸ ಔಷಧಿ ಬೇಕಿಲ್ಲ. ನಾಲ್ಕು ನಿಮಿಷದ ತಾಳ್ಮೆ ಇದ್ದರೆ ಸಾಕು. ಯುರೋಪಿನ ಹರ್ನಿಯಾ ತಜ್ಞರ ಸಂಘವೂ ಈ ವಿಧಾನವನ್ನೇ ಸೂಚಿಸುತ್ತದೆ. ಆದರೂ ಎಲ್ಲ ಕಡೆ ಇದು ರೂಢಿಗೆ ಬಂದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಸಣ್ಣ ತೂತುಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್ ಆದರೆ ಈ ತಾಪತ್ರಯ ಇಲ್ಲ ಅಲ್ವಾ ಎಂದು ಕೇಳಬಹುದು. ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕತ್ತರಿಸಿದ ಕರುಳನ್ನು ಹೊರಗೆ ತರುವುದಕ್ಕೆ ಎಲ್ಲೋ ಒಂದು ಕಡೆ ಕೊಯ್ಯಲೇಬೇಕು. ಅದನ್ನು ಹೊಟ್ಟೆಯ ನಡುಗೆರೆಯಲ್ಲಿ ಕೊಯ್ದರೆ ಹರ್ನಿಯಾ ಜಾಸ್ತಿ. ಕೆಳಹೊಟ್ಟೆಯಲ್ಲಿ ಅಡ್ಡಡ್ಡಲಾಗಿ ಕೊಯ್ದರೆ ಬಹಳ ಕಮ್ಮಿ. ಗೋಡೆಯ ಬಗ್ಗೆ ಯೋಚಿಸುವ ಕರುಳಿನ ಸರ್ಜನ್ ಈ ಜಾಗವನ್ನು ಆಪರೇಷನ್‌ಗೆ ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ.

ಸ್ಟೋಮಾ ಇದ್ದವರ ಕಷ್ಟವೂ ಇಲ್ಲೇ ಬರುತ್ತದೆ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುವಾಗ ಗೋಡೆಯಲ್ಲಿ ಬೇಕೆಂದೇ ತೂತು ಮಾಡಬೇಕಾಗುತ್ತದೆ. ಕಾಯಂ ಕೊಲೊಸ್ಟಮಿ, ಅಂದರೆ ದೊಡ್ಡ ಕರುಳಿನ ಸ್ಟೋಮಾ, ಇರುವವರಲ್ಲಿ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ದಿನ ಅದರ ಸುತ್ತ ಹರ್ನಿಯಾ ಆಗಬಹುದು. ಚರ್ಮ ಉಬ್ಬಿ ಓರೆಯಾದರೆ ಚೀಲ ಸರಿಯಾಗಿ ಅಂಟುವುದಿಲ್ಲ. ಸೋರುತ್ತದೆ. ಸೋರಿದ ಭಯಕ್ಕೆ ಮನುಷ್ಯ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸುತ್ತಾನೆ. ಅದಕ್ಕೇ ಸ್ಟೋಮಾ ಎಲ್ಲಿ ಬರಬೇಕು ಎಂಬುದನ್ನು ಆಪರೇಷನ್‌ಗೆ ಮುಂಚೆ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಪೆನ್ನಿನಿಂದ ಗುರುತು ಹಾಕಬೇಕು. ಮಲಗಿದ ಹೊಟ್ಟೆ ಒಂದು ಥರ, ಕೂತ ಹೊಟ್ಟೆ ಇನ್ನೊಂದು ಥರ.

ಎಲ್ಲ ಹರ್ನಿಯಾಗೂ ಕತ್ತರಿ ಬೇಕೇ?

ಬೇಡ. 720 ಗಂಡಸರ ಮೇಲೆ ನಡೆದ ಒಂದು ಅಧ್ಯಯನ 2006ರಲ್ಲಿ ಹೊರಬಂತು. ತೊಡೆಸಂದಿನ ಹರ್ನಿಯಾ ಇದ್ದು ತೊಂದರೆ ಇಲ್ಲದವರು, ಅಥವಾ ತೀರಾ ಕಮ್ಮಿ ಇದ್ದವರು ಅವರೆಲ್ಲ. ಅರ್ಧ ಜನರಿಗೆ ಆಪರೇಷನ್, ಅರ್ಧ ಜನರಿಗೆ ಸುಮ್ನೆ ಕಾದು ನೋಡುವುದು. ಕಾದವರಲ್ಲಿ ಕರುಳು ಸಿಕ್ಕಿಕೊಂಡು ತುರ್ತು ಆಪರೇಷನ್ ಬೇಕಾದದ್ದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಮ್ಮಿ. ಹಾಗಾಗಿ ನೋವಿಲ್ಲದ ಸಣ್ಣ ಹರ್ನಿಯಾ ಇಟ್ಟುಕೊಂಡು ಕಾಯುವುದು ದಡ್ಡತನ ಅಲ್ಲ. ಆದರೆ ಹಾಗೆ ಕಾದವರನ್ನು ಹತ್ತು ವರ್ಷ ಹಿಂಬಾಲಿಸಿದಾಗ ನೂರಕ್ಕೆ 68 ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡಿದ್ದರು, ಹೆಚ್ಚಿನವರು ನೋವು ತಾಳಲಾರದೆ.

ಈ ಮಾತು ಹೆಂಗಸರಿಗೆ ಹೊಂದುವುದಿಲ್ಲ. ಅವರಲ್ಲಿ ಫೀಮೊರಲ್ ಹರ್ನಿಯಾ ಹೆಚ್ಚು. ತೊಡೆಸಂದಿನ ಗೆರೆಯ ಸ್ವಲ್ಪ ಕೆಳಗೆ, ಕಿರಿದಾದ ಸಂದಿಯಲ್ಲಿ ಬರುವ ಹರ್ನಿಯಾ ಅದು. ಸಂದಿ ಕಿರಿದಾದಷ್ಟೂ ಕರುಳು ಬೇಗ ಸಿಕ್ಕಿಕೊಳ್ಳುತ್ತದೆ. ಉಬ್ಬು ಸಣ್ಣದಿರುತ್ತದೆ, ಗ್ರಂಥಿ ಊದಿದೆ ಅಂದುಕೊಂಡು ಬಿಟ್ಟುಬಿಡುವುದೂ ಉಂಟು. ಹೆಂಗಸರ ತೊಡೆಸಂದಿನ ಹರ್ನಿಯಾವನ್ನು ತಡಮಾಡದೆ, ಆದಷ್ಟೂ ಕೀಹೋಲ್ ಮೂಲಕ ಸರಿಮಾಡಬೇಕು ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಒಳಗಿನಿಂದ ನೋಡಿದಾಗ ತೊಡೆಸಂದಿನದು, ಫೀಮೊರಲ್‌ದು ಎರಡೂ ಸಂದಿ ಕಾಣುತ್ತವೆ, ಅದು ಕಾರಣ.

ಇಲ್ಲಿಯೇ ತಜ್ಞರ ಬೆಲೆ ತಿಳಿಯುವುದು. ಎಲ್ಲರಿಗೂ ಆಪರೇಷನ್ ಎನ್ನುವವರೂ ಎಲ್ಲರಿಗೂ ಕಾಯಿರಿ ಎನ್ನುವವರೂ ನನಗೆ ಒಂದೇ.

ಬಲೆಯ ಭಯ

ಹರ್ನಿಯಾ ಅಂದ ಕೂಡಲೇ ಈಗ ಜನ ಕೇಳುವ ಮೊದಲ ಪ್ರಶ್ನೆ ಮೆಶ್ ಬಗ್ಗೆ. ಅದು ಪ್ಲಾಸ್ಟಿಕ್ ದಾರದಿಂದ ನೆಯ್ದ ತೆಳು ಬಲೆ. ಹೆಚ್ಚಿನವು ಪಾಲಿಪ್ರೊಪಿಲೀನ್‌ನವು. ಇಟಲಿಯ ಬಸ್ಸಿನಿ 1880ರ ದಶಕದಲ್ಲಿ ತೊಡೆಸಂದಿನ ಪದರಗಳನ್ನು ಎಳೆದು ಹೊಲಿಯುವ ಕ್ರಮ ತಂದಾಗ ಅದೊಂದು ದೊಡ್ಡ ಹೆಜ್ಜೆ. ಆದರೆ ಎಳೆದು ಹೊಲಿದದ್ದು ಎಳೆತಕ್ಕೇ ಹರಿಯುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಲಿಕ್ಟೆನ್‌ಸ್ಟೈನ್ ಎಳೆಯದೆ ಬಲೆ ಹೊದಿಸುವ ವಿಧಾನ ತಂದರು. ಹರ್ನಿಯಾ ಮರಳಿ ಬರುವುದು ಬಹಳ ಇಳಿಯಿತು. ಇವತ್ತು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ತೊಡೆಸಂದಿನ ಹರ್ನಿಯಾ ಆಪರೇಷನ್ ಆಗುತ್ತವೆ ಎಂಬ ಅಂದಾಜಿದೆ. ದೊಡ್ಡವರಲ್ಲಿ ಹೆಚ್ಚಿನವಕ್ಕೆ ಬಲೆಯೇ ಆಧಾರ.

ಭಯಕ್ಕೆ ಕಾರಣ ಇಲ್ಲವೇ? ಇದೆ. ತೊಡೆಸಂದಿನ ಆಪರೇಷನ್ ಆದವರಲ್ಲಿ ನೂರಕ್ಕೆ ಹತ್ತು ಹನ್ನೆರಡು ಜನರಿಗೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಸ್ವಲ್ಪ ಜನರಿಗೆ ದಿನದ ಕೆಲಸವೇ ಕಷ್ಟವಾಗುತ್ತದೆ. ಆದರೆ ಈ ನೋವೆಲ್ಲ ಬಲೆಯದಲ್ಲ. ಆ ಜಾಗದಲ್ಲಿ ಮೂರು ಸಣ್ಣ ನರಗಳು ಹಾದುಹೋಗುತ್ತವೆ. ಅವನ್ನು ಗುರುತಿಸದೆ ಹೊಲಿಗೆಯಲ್ಲಿ ಸಿಕ್ಕಿಸಿದರೆ ಬಲೆ ಇದ್ದರೂ ನೋವು, ಇಲ್ಲದಿದ್ದರೂ ನೋವು. ಇನ್ನೊಂದು ಗೊಂದಲವೂ ಇದೆ. ಗರ್ಭಕೋಶ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುತ್ತಿದ್ದ ಬಲೆಯ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ನಿಲ್ಲಿಸಿತು. ಆ ಸುದ್ದಿ ಹರ್ನಿಯಾ ಬಲೆಗೂ ಅಂಟಿಕೊಂಡಿತು. ಅವೆರಡೂ ಬೇರೆ ಜಾಗ, ಬೇರೆ ಸಮಸ್ಯೆ.

ಹಾಗಂತ ಕಂಪನಿ ಕೊಟ್ಟ ಬಲೆಯನ್ನೆಲ್ಲ ಕಣ್ಣುಮುಚ್ಚಿ ನಂಬಬೇಕು ಅಂತಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್ 1990ರ ದಶಕದಿಂದ ತಮ್ಮಲ್ಲಿ ಆಗುವ ಹರ್ನಿಯಾ ಆಪರೇಷನ್‌ಗಳನ್ನು ದಾಖಲಿಸುತ್ತಾ ಬಂದಿವೆ. ಯಾವ ವಿಧಾನ, ಯಾವ ಬಲೆ, ಮರಳಿ ಬಂತೇ, ಎಲ್ಲ ಅಲ್ಲಿದೆ. 2016ರಲ್ಲಿ ಒಂದು ಬಗೆಯ ಹರ್ನಿಯಾ ಬಲೆಯನ್ನು ಅದರ ಕಂಪನಿಯೇ ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಕಾರಣ, ಜರ್ಮನಿ ಮತ್ತು ಡೆನ್ಮಾರ್ಕಿನ ಇಂಥ ದಾಖಲೆಗಳಲ್ಲಿ ಆ ಬಲೆ ಹಾಕಿದವರಿಗೆ ಮತ್ತೆ ಹರ್ನಿಯಾ ಬರುವುದು ಜಾಸ್ತಿ ಎಂದು ಕಂಡದ್ದು. ಲೆಕ್ಕ ಬರೆದಿಟ್ಟ ಕಡೆ ತಪ್ಪು ಸಿಕ್ಕಿತು. ಬರೆಯದ ಕಡೆ ರೋಗಿ ಒಬ್ಬನೇ ನೋವು ತಿನ್ನುತ್ತಾನೆ, ಅವನ ಹಾಗೆ ಇನ್ನೂ ನೂರು ಜನ ಇದ್ದಾರೆ ಎಂದು ಯಾರಿಗೂ ತಿಳಿಯುವುದಿಲ್ಲ.

ಬಲೆಯೇ ಇಲ್ಲದೆ ಗೆದ್ದವರೂ ಇದ್ದಾರೆ. ಕೆನಡಾದಲ್ಲಿ 1945ರಲ್ಲಿ ಶುರುವಾದ ಶೌಲ್ಡೈಸ್ ಆಸ್ಪತ್ರೆಯಲ್ಲಿ ಹರ್ನಿಯಾ ಬಿಟ್ಟರೆ ಬೇರೆ ಕೆಲಸ ಇಲ್ಲ. ಪದರದ ಮೇಲೆ ಪದರ ಹೊಲಿಯುವುದು ಅವರ ವಿಧಾನ. 2016ರಲ್ಲಿ ಒಂಟಾರಿಯೋ ಪ್ರಾಂತ್ಯದ ದಾಖಲೆಗಳನ್ನು ನೋಡಿದಾಗ, ಅಲ್ಲಿ ಮಾಡಿಸಿಕೊಂಡವರಲ್ಲಿ ಮರಳಿ ಆಪರೇಷನ್ ಬೇಕಾದದ್ದು ನೂರಕ್ಕೆ ಸುಮಾರು ಒಬ್ಬರಿಗೆ. ಸಾಮಾನ್ಯ ಆಸ್ಪತ್ರೆಗಳಲ್ಲಿ ಅದು ಸುಮಾರು ಐದು. ಅವರು ರೋಗಿಗಳನ್ನು ಆರಿಸಿ ತೆಗೆದುಕೊಳ್ಳುತ್ತಾರೆ, ತೂಕ ಇಳಿಸಿ ಬನ್ನಿ ಎನ್ನುತ್ತಾರೆ ಎನ್ನುವುದನ್ನೂ ಮರೆಯಬಾರದು. ಆದರೂ ಒಂದೇ ಕೆಲಸವನ್ನು ವರ್ಷಕ್ಕೆ ನೂರಾರು ಸಲ ಮಾಡುವ ಕೈಗೆ ಬೇರೆಯದೇ ಪಳಗುವಿಕೆ ಇರುತ್ತದೆ.

ರೋಬೋಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೊಡೆಸಂದಿನ ಸಾಮಾನ್ಯ ಹರ್ನಿಯಾದಲ್ಲಿ ರೋಬೋಟನ್ನು ಕೀಹೋಲ್ ಜೊತೆ ಹೋಲಿಸಿದ 2020ರ ಒಂದು ಅಧ್ಯಯನದಲ್ಲಿ ರೋಗಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಸಮಯವೂ ಖರ್ಚೂ ಜಾಸ್ತಿ ಆಗಿತ್ತು. ಯಂತ್ರದ ಹೆಸರು ಕೇಳಿ ಸರ್ಜನ್ ಆರಿಸಬೇಡಿ.

ಎರಡೂ ಗೊತ್ತಿರುವವರು ಯಾಕೆ ಬೇಕು

ದೊಡ್ಡಪ್ಪನಂಥವರ ವಿಷಯಕ್ಕೆ ಬರೋಣ. ದೊಡ್ಡ ಆಪರೇಷನ್ ಆದ ಹೊಟ್ಟೆಯೊಳಗೆ ಕರುಳಿನ ಸುರುಳಿಗಳು ಗೋಡೆಗೂ ಒಂದಕ್ಕೊಂದಕ್ಕೂ ಅಂಟಿಕೊಂಡಿರುತ್ತವೆ. ಹರ್ನಿಯಾ ಸರಿಮಾಡಬೇಕಾದರೆ ಮೊದಲು ಆ ಅಂಟು ಬಿಡಿಸಬೇಕು. ಬಿಡಿಸುವಾಗ ಕರುಳು ಎಲ್ಲಾದರೂ ಹರಿದರೆ ಆ ಜಾಗ ಮಲಿನ. ಮಲಿನವಾದ ಜಾಗದಲ್ಲಿ ಬಲೆ ಇಟ್ಟರೆ ಸೋಂಕು ಹತ್ತುವ ಅಪಾಯ ಹೆಚ್ಚು. ಆಗ ಏನು ಮಾಡಬೇಕು? ಕರುಳು ಹೊಲಿದು ಹರ್ನಿಯಾ ಮುಂದೂಡುವುದೇ, ಈಗಲೇ ಮುಗಿಸುವುದೇ, ಯಾವ ಬಲೆ, ಯಾವ ಪದರದಲ್ಲಿ? ಬರೀ ಗೋಡೆ ಗೊತ್ತಿರುವವರಿಗೂ ಬರೀ ಕರುಳು ಗೊತ್ತಿರುವವರಿಗೂ ಆ ಕ್ಷಣ ಕಷ್ಟ. ಇವತ್ತು ಹೊಟ್ಟೆಯೊಳಗೆ ಕರುಳಿಗೆ ತಾಗಿಸಿ ಬಲೆ ಇಟ್ಟರೆ, ನಾಳೆ ಬೇರೆ ಕಾರಣಕ್ಕೆ ಹೊಟ್ಟೆ ತೆರೆಯುವ ಸರ್ಜನ್ ಅದರ ಜೊತೆ ಗುದ್ದಾಡಬೇಕಾಗುತ್ತದೆ. ಅದಕ್ಕೇ ಗೋಡೆಯ ಪದರಗಳ ನಡುವೆ, ಕರುಳಿಗೆ ತಾಗದ ಹಾಗೆ ಬಲೆ ಕೂರಿಸುವುದು ಈಗ ಹೆಚ್ಚಾಗಿದೆ.

ಕೊನೆಗೆ ದೊಡ್ಡಪ್ಪನನ್ನು ನೋಡಿದವರು ಇಂಥ ಒಬ್ಬ ಸರ್ಜನ್. ಮಲಗಿಸುವ ಮೊದಲು ಅವರನ್ನು ನಿಲ್ಲಿಸಿದರು. ಕೆಮ್ಮಿ ಅಂದರು. ಉಬ್ಬಿನ ಮೇಲೆ ಅಂಗೈ ಇಟ್ಟು, ಆಮೇಲೆ ಮಲಗಿಸಿ ತಲೆ ಎತ್ತಲು ಹೇಳಿ, ಗೋಡೆಯಲ್ಲಿ ತೆರೆದ ಬಾಗಿಲಿನ ಅಂಚನ್ನು ಬೆರಳಿನಿಂದ ಸುತ್ತಲೂ ತಡವಿ ನೋಡಿದರು. ಸ್ಕ್ಯಾನ್ ನೋಡಿದರು. ಹಳೆಯ ಆಪರೇಷನ್ನಿನ ಟಿಪ್ಪಣಿ ಓದಿದರು. ಆಮೇಲೆ ಅಂದದ್ದು, "ಈಗ ಆಪರೇಷನ್ ಮಾಡೋದಿಲ್ಲ. ಮೊದಲು ಸಿಗರೇಟು ಬಿಡಿ."

ದೊಡ್ಡಪ್ಪನಿಗೆ ಸಿಟ್ಟು ಬಂತು. ನಮಗೂ ಅರ್ಥವಾಗಲಿಲ್ಲ. ಸಿಗರೇಟು ಗಾಯ ಕೂಡುವುದನ್ನು ತಡೆಯುತ್ತದೆ, ಮೇಲೆ ಕೆಮ್ಮನ್ನೂ ತರುತ್ತದೆ. ಕಡೇಪಕ್ಷ ನಾಲ್ಕು ವಾರ ಬಿಟ್ಟಿರಬೇಕು. ಸಕ್ಕರೆ ಕಾಯಿಲೆ ಹಿಡಿತದಲ್ಲಿರಬೇಕು, ತೂಕ ಇಳಿದಷ್ಟೂ ಒಳ್ಳೆಯದು. ಬಾಗಿಲು ತುಂಬಾ ಅಗಲವಾದವರಿಗೆ ಕೆಲವು ವಾರ ಮುಂಚೆ ಪಕ್ಕದ ಸ್ನಾಯುಗಳಿಗೆ ಬೊಟುಲಿನಮ್ ಚುಚ್ಚುಮದ್ದು ಕೊಟ್ಟು ಸಡಿಲ ಮಾಡುವುದೂ ಉಂಟು. ಮುಖದ ಸುಕ್ಕಿಗೆ ಕೊಡುವ ಅದೇ ಮದ್ದು. ಆಮೇಲೆ ಪದರಗಳನ್ನು ಬಿಡಿಸಿ ನಡುವಿಗೆ ತಂದು ಸೇರಿಸುತ್ತಾರೆ. ಇದನ್ನು ಯಾರಾದರೂ ಸಣ್ಣ ಆಪರೇಷನ್ ಅಂದರೆ ನಾನು ಒಪ್ಪುವುದಿಲ್ಲ. ದೊಡ್ಡಪ್ಪನ ಆಪರೇಷನ್ ಐದು ತಿಂಗಳ ನಂತರ ಆಯಿತು. ಐದು ತಿಂಗಳಲ್ಲಿ ಕೆಮ್ಮೇ ಅರ್ಧ ಇಳಿದಿತ್ತು.

ನಿಮಗೋ ನಿಮ್ಮವರಿಗೋ ಕರುಳಿನ ಆಪರೇಷನ್ ಗೊತ್ತಾಗಿದ್ದರೆ, ಹೊಟ್ಟೆ ಯಾರು ಮುಚ್ಚುತ್ತಾರೆ, ಸಣ್ಣ ಹೊಲಿಗೆ ಹಾಕುತ್ತಾರಾ ಎಂದು ಕೇಳಿ. ಹರ್ನಿಯಾ ಆದರೆ, ಇಂಥದ್ದನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಕಾದರೆ ಏನಾಗುತ್ತದೆ, ನರಗಳನ್ನು ಹೇಗೆ ಉಳಿಸುತ್ತೀರಿ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಬೇಸರ ಮಾಡುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಪ್ರಶ್ನೆ ಕೇಳುತ್ತಾ ಕೂರಬಾರದು. ಮಲಗಿದರೆ ಒಳಗೆ ಹೋಗುತ್ತಿದ್ದ ಉಬ್ಬು ಹೋಗದೆ ಗಟ್ಟಿಯಾಗಿ ನಿಂತರೆ, ಮುಟ್ಟಿದರೆ ನೋವಾದರೆ, ಮೇಲಿನ ಚರ್ಮ ಕೆಂಪಾದರೆ, ವಾಂತಿ ಶುರುವಾದರೆ, ಗ್ಯಾಸೂ ಮಲವೂ ನಿಂತರೆ ಕರುಳು ಸಿಕ್ಕಿಕೊಂಡಿರಬಹುದು. ರಕ್ತ ಹರಿಯದ ಕರುಳು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಬಲವಂತವಾಗಿ ಒಳಗೆ ತಳ್ಳಲು ಹೋಗಬೇಡಿ. ಬೆಳಗಾಗಲಿ ಎಂದು ಕಾಯಬೇಡಿ, ಏನೂ ತಿನ್ನಬೇಡಿ, ಕುಡಿಯಬೇಡಿ. ಹಳೆಯ ಆಪರೇಷನ್ನಿನ ಕಾಗದ ಕೈಗೆ ಸಿಕ್ಕರೆ ಅದನ್ನು ಹಿಡಿದು ನೇರ ಆಸ್ಪತ್ರೆಗೆ ಹೊರಡಿ. ಒಳಗೆ ಬಲೆ ಇದೆಯೇ, ಯಾವ ಪದರದಲ್ಲಿದೆ ಎಂದು ರಾತ್ರಿ ಪಾಳಿಯ ಸರ್ಜನ್‌ಗೆ ತಿಳಿಯುವುದು ಆ ಕಾಗದದಿಂದಲೇ.